ಬಾಗಿಲು ನೋಡುವ ಶಾಸ್ತ್ರ

ನಮ್ಮ ಮನೆಯ ಮುಂಬಾಗಿಲು ಇನ್ನು ತನ್ನ ಕೈಲಾಗದು ಎಂದು ಮುಷ್ಕರ ಹೂಡಿದ್ದು ಒಂದು ಬೆಳಗ್ಗೆ, ಹಾಲಿನವನು ಬರುವ ಹೊತ್ತಿಗೆ ಸರಿಯಾಗಿ. ಅರ್ಧ ತೆರೆದಿತ್ತು, ಅರ್ಧ ಮುಚ್ಚಿತ್ತು. ಆ ಕಡೆಗೂ ಬರಲೊಲ್ಲದು, ಈ ಕಡೆಗೂ ಹೋಗಲೊಲ್ಲದು. ನನ್ನ ಗಂಡ ಪದ್ಮನಾಭ ಭುಜ ಕೊಟ್ಟು ನೂಕಿದರು, ಎಣ್ಣೆ ಬಿಟ್ಟರು, ಕೊನೆಗೆ ಕೈಮುಗಿದು ಕೇಳಿಕೊಂಡರು. ಬಾಗಿಲು ಉದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟು, ತಾನಾಗಿ ಕೀಲು ಕಳಚಿಕೊಂಡು ಗೋಡೆಗೆ ಒರಗಿ ನಿಂತಿತು. ನಮ್ಮೂರಿನಲ್ಲಿ ಬಾಗಿಲುಗಳು ನಿವೃತ್ತಿಯಾಗುವುದೇ ಹೀಗೆ. ಮೊದಲೇ ಒಂದು ಮಾತು ಹೇಳುವ ಸೌಜನ್ಯ ಯಾವುದಕ್ಕೂ ಇಲ್ಲ.

ಅತ್ತೆ ತುಂಗಮ್ಮನವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, "ಪಾಪ, ದುಡಿದು ದುಡಿದು ಸಾಕಾಗಿದೆ, ಬಿಡಿ," ಎಂದರು. ನಾನು ಸೆರಗಿನಿಂದ ಅದರ ಧೂಳು ಒರೆಸಿದೆ. ನಾನು ಸೊಸೆಯಾಗಿ ಬಂದ ದಿನ, ಹೊಸಿಲ ಮೇಲಿನ ಅಕ್ಕಿ ಸೇರನ್ನು ಒದೆಯುವ ಮೊದಲೇ ಆ ಬಾಗಿಲು ಹಾರುಹೊಡೆದು ತೆರೆದುಕೊಂಡಿತ್ತು. ಎರಡೂ ಕೈಯಲ್ಲಿ ಕೊಡ ಹಿಡಿದು ಬಂದರೆ ಮೊಣಕೈ ತಾಗಿದ್ದೇ ತಡ, ದಾರಿ ಬಿಡುತ್ತಿತ್ತು. ಅದನ್ನು ಜಗಲಿಯ ಮೇಲೆ ಕಲ್ಲು ಕೊಟ್ಟು ಮಂಚದ ಹಾಗೆ ಮಲಗಿಸಿದೆವು. ಮಲಗಿದ ಕೂಡಲೇ ಗೊರಕೆ ಶುರುವಾಯಿತು.

ಬಾಗಿಲಿಲ್ಲದ ಮನೆಯ ಅವಸ್ಥೆ ಕೇಳಬೇಡಿ. ಮಧ್ಯಾಹ್ನದೊಳಗೆ ಒಬ್ಬ ಬಳೆಗಾರ, ಎರಡು ಮೇಕೆ, ಎದುರುಮನೆಯ ಕಮಲಾಕ್ಷಿ, ಎಲ್ಲರೂ ನೆಟ್ಟಗೆ ಅಡುಗೆಮನೆಗೇ ಬಂದರು. ಕಮಲಾಕ್ಷಿ ಸಾರಿನ ಮುಚ್ಚಳ ತೆಗೆದು ನೋಡಿದಳು. ಮೇಕೆಗಳಿಗೆ ಮುಚ್ಚಳ ತೆಗೆಯಲು ಬರಲಿಲ್ಲವಾಗಿ ಕೊತ್ತಂಬರಿ ಸೊಪ್ಪಿನಲ್ಲೇ ತೃಪ್ತಿಪಟ್ಟುಕೊಂಡವು. ಇನ್ನು ತಡಮಾಡುವುದು ಬೇಡವೆಂದು ಹಾಲಪ್ಪನಿಗೆ ಹೇಳಿಕಳಿಸಿದೆವು.

ಹಾಲಪ್ಪ ಬಾಗಿಲ ದಲ್ಲಾಳಿ. ಯಾವ ಬಾಗಿಲು ಯಾವ ಮರದ್ದು, ಯಾವ ತೋಪಿನದು, ಅದರ ಗುಣ ಎಂಥದು, ಎಲ್ಲ ಅವನಿಗೆ ಬಾಯಿಪಾಠ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹೊಂದದ ಬಾಗಿಲನ್ನು ಗಂಟುಹಾಕಿ ಬೈಸಿಕೊಂಡದ್ದೂ ಕಡಮೆಯೇನಲ್ಲ. ಮೇಷ್ಟರ ಮನೆಗೆ ಅವನು ತಂದುಕೊಟ್ಟ ಬಾಗಿಲು ಮಗ್ಗಿ ಒಪ್ಪಿಸದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಮೇಷ್ಟರಿಗೆ ಖುಷಿಯೋ ಖುಷಿ, ಅವರ ಹೆಂಡತಿ ಮಾತ್ರ ಹದಿನೇಳರ ಮಗ್ಗಿಯಲ್ಲಿ ಎಡವಿ ಎಷ್ಟೋ ಸಂಜೆ ನಮ್ಮ ಜಗಲಿಯಲ್ಲಿ ಕಳೆದಿದ್ದಾರೆ.

"ಎಂಥಾ ಬಾಗಿಲು ಬೇಕು, ಒಬ್ಬೊಬ್ಬರಾಗಿ ಹೇಳ್ಬಿಡಿ," ಎಂದು ಹಾಲಪ್ಪ ಕುರ್ಚಿಯಲ್ಲಿ ಕಾಲುಚಾಚಿ ಕೂತ.

"ಭಾರವಾಗಿರ್ಬೇಕಪ್ಪ. ತೆಗೆದ್ರೆ ಬೀದಿ ಕೊನೇಲಿ ಗೊತ್ತಾಗ್ಬೇಕು, ತುಂಗಮ್ಮನ ಮನೆ ಬಾಗಿಲು ತೆಗೀತು ಅಂತ," ಎಂದರು ಅತ್ತೆ.

"ಸದ್ದೇ ಮಾಡ್ಬಾರ್ದು," ಎಂದರು ನನ್ನ ಗಂಡ. ಇಸ್ಪೀಟು ಮುಗಿಸಿ ಬರುವವರ ಕಷ್ಟ ಅವರಿಗೇ ಗೊತ್ತು.

"ಗಾಜಿರ್ಲಿ. ಯಾರು ಬಂದ್ರು ಅಂತ ಕಾಣಿಸ್ಬೇಕು, ನಾವಿದ್ದೀವಿ ಅಂತ ಕಾಣಿಸ್ಬಾರ್ದು," ಎಂದಳು ಮಗಳು ಮೇದಿನಿ. ಅವಳು ಕಾಲೇಜಿಗೆ ಹೋಗುತ್ತಾಳೆ, ಅವಳಿಗೆ ಎಲ್ಲದರಲ್ಲೂ ಒಂದು ಅಭಿಪ್ರಾಯ ಇದೆ.

ನಾನು ಮೊಣಕೈಯ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಾಲಪ್ಪನ ಕಾಫಿಗೆಂದು ಇಟ್ಟ ಹಾಲು ಉಕ್ಕಿತು. ಓಡಿದೆ. ನಾನು ವಾಪಸು ಬರುವಷ್ಟರಲ್ಲಿ ಮಾತುಕತೆ ಮುಗಿದು ಅವನು ಎದ್ದು ನಿಂತಿದ್ದ.

ಮರುದಿನದಿಂದ ಬಾಗಿಲು ನೋಡುವ ಶಾಸ್ತ್ರ. ಬಾಗಿಲಿಗೆ ಶಾಲು ಹೊದಿಸಿ, ಕೈಗಾಡಿಯ ಮೇಲೆ ಕರೆತಂದು, ನಡುಮನೆಯ ಕುರ್ಚಿಗೆ ಒರಗಿಸಿ ಕೂರಿಸಬೇಕು. ಮನೆಯವರೆಲ್ಲ ಎದುರಿಗೆ ಸಾಲಾಗಿ ಕೂರಬೇಕು. ನಾವು ಅದನ್ನು ನೋಡುತ್ತೇವೆ, ಅದು ನಮ್ಮನ್ನು ನೋಡುತ್ತದೆ. ಮೊದಲು ಬಂದದ್ದು ತೇಗದ ಜೋಡಿ ಬಾಗಿಲು. ಮೈತುಂಬ ಕಮಲದ ಕೆತ್ತನೆ, ಹಿತ್ತಾಳೆ ಗುಬ್ಬಿ. ಅತ್ತೆಗೆ ಕಣ್ಣಲ್ಲಿ ನೀರೇ ಬಂತು. ಬಾಗಿಲು ಮಾತ್ರ ನಮ್ಮ ಸಿಮೆಂಟಿನ ನೆಲ ನೋಡಿ, ಮೇಲಿನ ಹೆಂಚು ನೋಡಿ, ಜೋಡಿಯಲ್ಲಿ ಒಂದು ಇನ್ನೊಂದಕ್ಕೆ ಏನೋ ಪಿಸುಗುಟ್ಟಿ, ಎರಡೂ ಕಿಸಕ್ಕನೆ ನಕ್ಕು ಗೋಡೆಯ ಕಡೆ ತಿರುಗಿಕೊಂಡವು. ಎರಡನೆಯದು ಮೇದಿನಿ ಬಯಸಿದ ಗಾಜಿನದು. ಬಹಳ ಸರಳ ಸ್ವಭಾವ. ಯಾರು ಹತ್ತಿರ ಬಂದರೂ ಬನ್ನಿ ಬನ್ನಿ ಎಂದು ತೆರೆದುಕೊಳ್ಳುವುದು. ಶಾಸ್ತ್ರ ಮುಗಿಯುವಷ್ಟರಲ್ಲಿ ಮೇಕೆಗಳು ಮತ್ತೆ ಅಡುಗೆಮನೆಯಲ್ಲಿದ್ದವು.

ಮೂರನೆಯದು ಹಲಸಿನ ಮರದ ಒಂಟಿ ಬಾಗಿಲು. ಕೆತ್ತನೆಯಿಲ್ಲ, ಗಾಜಿಲ್ಲ. ಹೊಂಬಣ್ಣದ ಮೈ, ಎದೆಯ ಎತ್ತರದಲ್ಲಿ ಒಂದು ಗಂಟು. ಆ ಗಂಟಿನಿಂದಲೇ ಅದು ಎಲ್ಲರನ್ನೂ ಶಾಂತವಾಗಿ ನೋಡುತ್ತಿತ್ತು. ಅಡುಗೆಮನೆಯಿಂದ ಇಣುಕಿದ ನನಗೇ ಇಷ್ಟವಾಗಿಹೋಯಿತು. ನನ್ನ ಗಂಡ ಎದ್ದು ನಿಂತು ಪರಿಚಯ ಮಾಡಿಕೊಟ್ಟರು. "ಇವರು ನಮ್ಮ ತಾಯಿ ತುಂಗಮ್ಮನವರು. ನಾನು ಪದ್ಮನಾಭ. ಇವಳು ಮೇದಿನಿ." ಗೋಡೆಯ ಮೇಲಿದ್ದ ಫೋಟೋ ತೋರಿಸಿ, "ಅವರು ನಮ್ಮ ತಂದೆ, ಈಗಿಲ್ಲ," ಎಂದರು. ಕಾಲ ಬಳಿ ಬಂದ ಬೆಕ್ಕನ್ನೂ ಎತ್ತಿ ಹಿಡಿದು, "ಇದು ಸುಬ್ಬಿ," ಎಂದರು. ಆ ಹೊತ್ತಿಗೆ ನಾನು ತಟ್ಟೆ ಹಿಡಿದು ಬಂದೆ.

"ಇವರು?" ಎಂದ ಹಾಲಪ್ಪ.

"ಉಪ್ಪಿಟ್ಟು ತಗೊಳ್ಳಿ, ಬಿಸಿಯಾಗಿದೆ," ಎಂದರು ಅತ್ತೆ.

ಎಲ್ಲರೂ ತಗೊಂಡರು. ಗೋಡಂಬಿ ಹಾಕಿದ್ದೆ. ಬಾಗಿಲು ಮೆಲ್ಲಗೆ ಒಮ್ಮೆ ಕಿರ್ರ್ ಎಂದು ಒಪ್ಪಿಗೆ ಕೊಟ್ಟಿತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ.

ಅವತ್ತೇ ಬಾಗಿಲು ಕೂರಿಸಿದ್ದಾಯಿತು. ಬೀದಿಯಲ್ಲಿ ನಿಂತರೆ ಹೇಗೆ ಕಾಣುತ್ತದೆಂದು ನೋಡಲು ಎಲ್ಲರೂ ಹೊರಗೆ ಬಂದೆವು, ಹೊಗಳಿದೆವು, ಅವರೆಲ್ಲ ಒಳಗೆ ಹೋದರು. ನಾನು ಹೊಸಿಲ ಮುಂದೆ ಒಂದು ರಂಗೋಲಿ ಎಳೆದು, ಸೊಂಟ ಹಿಡಿದುಕೊಂಡು ಎದ್ದು, ಒಳಗೆ ಹೋಗಲು ಕಾಲೆತ್ತಿದೆ. ಬಾಗಿಲು ನನ್ನ ಮೂಗಿನ ಮುಂದೆ ಮೆತ್ತಗೆ, ಬಹಳ ಮರ್ಯಾದೆಯಿಂದ ಮುಚ್ಚಿಕೊಂಡಿತು.

ಮೊದಲು ಗಾಳಿಯೆಂದುಕೊಂಡೆವು. ಆಮೇಲೆ ಗಂಡ ಮತ್ತು ಮಗಳು ಸೇರಿ ಅದನ್ನು ಹಿಡಿದು ನಿಂತರು. ನಾನು ಓಡಿ ಬಂದೆ. ಇಬ್ಬರನ್ನೂ ತಳ್ಳಿಕೊಂಡೇ ಮುಚ್ಚಿತು. ಮೇದಿನಿ ಒಂದು ಉಪಾಯ ಹೂಡಿದಳು. ನನ್ನನ್ನು ಹಾಸಿಗೆಯಲ್ಲಿ ಸುತ್ತಿ ಹೊತ್ತು ತಂದರು. ಬಾಗಿಲು ಹಾಸಿಗೆಯನ್ನು ಅರ್ಧ ಒಳಗೆ ಬಿಟ್ಟು, ಏನೋ ಅನುಮಾನ ಬಂದವರ ಹಾಗೆ ನಿಂತು, ನನ್ನ ಕಾಲು ಕಂಡದ್ದೇ ಹೊರಕ್ಕೆ ಉರುಳಿಸಿತು. ನಮ್ಮ ಬೀದಿಯ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವುದರಿಂದ ಹಿತ್ತಿಲ ಬಾಗಿಲೆಂಬುದು ಯಾರಿಗೂ ಇಲ್ಲ. ಜಗಲಿಯಲ್ಲಿ ಹಾಸಿಗೆಯ ಒಳಗಿಂದ ತಲೆ ಹೊರಗೆ ಹಾಕಿಕೊಂಡು ಮಲಗಿದ್ದ ನನ್ನನ್ನು ನೋಡಿ ಕಮಲಾಕ್ಷಿ, "ಏನ್ರೀ, ಹೊಸ ಬಾಗಿಲು ಹೇಗಿದೆ?" ಎಂದು ಕೇಳಿದಳು.

ಹಾಲಪ್ಪ ಓಡೋಡಿ ಬಂದ. ಬಾಗಿಲಿಗೆ ಕಿವಿಯಿಟ್ಟು ಕೇಳಿ, ತಲೆ ಕೆರೆದುಕೊಂಡ. "ತಪ್ಪು ತಿಳ್ಕೋಬೇಡಿ ತಾಯಿ. ಎಲ್ಲರ ಪರಿಚಯ ಮಾಡಿಸಿದ್ರು, ನಿಮ್ಮದೊಂದು ಬಿಟ್ಟುಹೋಯ್ತು. ಇದು ನಿಮ್ಮನ್ನು ಹೋಟೆಲಿನೋರು ಅಂದ್ಕೊಂಡಿದೆ."

"ಈಗ ಹೇಳಿದ್ರಾಯ್ತಲ್ಲ," ಎಂದರು ನನ್ನ ಗಂಡ. ಬಾಗಿಲ ಮುಂದೆ ನಿಂತು ಗಟ್ಟಿಯಾಗಿ, "ಇವಳು ನನ್ನ ಹೆಂಡ್ತಿ ಕಣಯ್ಯಾ!" ಎಂದರು.

"ಒಂದು ಸಲ ಕೂರಿಸಿದ ಬಾಗಿಲಿಗೆ ಪರಿಚಯ ಕೇಳ್ಸಲ್ಲ ಸ್ವಾಮಿ. ಅದು ಕೆಳಗಿಳಿದು ಕುರ್ಚಿ ಮೇಲೆ ಕೂತ್ರೆ ಮಾತ್ರ. ಇಳಿಸೋದು ನಮ್ಮ ಕೈಲಿಲ್ಲ, ಅದಕ್ಕೇ ಮನಸ್ಸು ಬರ್ಬೇಕು. ಅದೂ ಅಮಾವಾಸ್ಯೆಯೊಳಗೆ. ಅಮಾವಾಸ್ಯೆ ದಾಟಿದ್ರೆ ಅದರ ತಿಳುವಳಿಕೆ ಗಟ್ಟಿಯಾಗಿಬಿಡುತ್ತೆ, ಆಮೇಲೆ ಇವರು ಜೀವಮಾನವಿಡೀ ಹೊರಗಿನೋರೇ." ನಮ್ಮ ಮುಖ ನೋಡಿ ಅವನಿಗೇ ಕನಿಕರ ಬಂತೇನೋ. "ಅಲ್ಲೀವರೆಗೂ ನೆಂಟರು ಅಂತ ಕರ್ಕೊಳ್ಳಿ. ಮನೆಯವರು ಕೈಹಿಡಿದು ಕರೆದ್ರೆ ನೆಂಟರನ್ನ ಬಿಡುತ್ತೆ. ನಡುಮನೇಲಿ ಕೂತು, ಕಾಫಿ ಕುಡಿದು, ಹೊರಡಬೇಕು ಅಷ್ಟೆ."

"ಸರಿ, ಕೈ ಕೊಡು," ಎಂದು ಅತ್ತೆ ಒಳಗಿನಿಂದ ಕೈ ಚಾಚಿದರು.

ನನ್ನೊಳಗೆ ಅಲ್ಲಿಯವರೆಗೂ ನಗುವೇ ಇತ್ತು. ಆ ಕೈ ನೋಡಿದ ಮೇಲೆ ಎದೆ ಕುದಿಯಿತು. ಬೆಕ್ಕಿನ ಹೆಸರು ನೆನಪಿದ್ದವರಿಗೆ ನನ್ನ ಹೆಸರು ನೆನಪಾಗಲಿಲ್ಲ. ಈ ಮನೆಯಲ್ಲಿ ನನ್ನನ್ನು ಲೇ, ಇವಳೇ, ಅಮ್ಮಾ ಎಂದು ಕರೆಯುತ್ತಾರೆ. ಚಂಪಕಾ ಎಂದು ಯಾರಾದರೂ ಕರೆದು ಎಷ್ಟು ಕಾಲವಾಯಿತೋ. "ನನ್ನ ಮನೆಗೆ ನಾನು ನೆಂಟಳಾಗಿ ಬರಲ್ಲ," ಎಂದೆ. ಹೇಳಿ ಜಗಲಿಯ ಮೂಲೆಗೆ ಹೋಗಿ ಹಳೆಯ ಬಾಗಿಲ ಮೇಲೆ ಕೂತು, ಸೆರಗು ಮುಖಕ್ಕೆ ಒತ್ತಿಕೊಂಡು ಚೆನ್ನಾಗಿ ಅತ್ತುಬಿಟ್ಟೆ. ಹಳೆಯ ಬಾಗಿಲು ನಿದ್ದೆಯಲ್ಲೇ ಒಮ್ಮೆ ಕಿರುಗುಟ್ಟಿ ಸಮಾಧಾನ ಹೇಳಿತು.

ಆದರೆ ಅಳು ಎಷ್ಟು ಹೊತ್ತು ಬರುತ್ತದೆ? ಹೊಟ್ಟೆ ಹಸಿಯಿತು. ಕಮಲಾಕ್ಷಿ ಒಲೆ ತಂದುಕೊಟ್ಟಳು, ಮೇಷ್ಟರ ಹೆಂಡತಿ ಹಿಟ್ಟು ತಂದರು. ಜಗಲಿಯ ಮೇಲೆ ರೊಟ್ಟಿ ತಟ್ಟಿದೆ. ಅಡುಗೆಮನೆಯ ಹೊಗೆಯಿಲ್ಲ, ಕತ್ತಲಿಲ್ಲ, ಬೀದಿಯ ಗಾಳಿ ಸುಯ್ಯೆಂದು ಬೀಸುತ್ತಿತ್ತು. ಹೋಗುವವರು ಬರುವವರೆಲ್ಲ ನಿಂತು ಮಾತಾಡಿಸಿದರು. ಒಳಗಿನವರಿಗೂ ಊಟ ಬೇಕಲ್ಲ ಎಂದು ಒಂದು ತಟ್ಟೆ ಹಿಡಿದು ಬಾಗಿಲ ಮುಂದೆ ನಿಂತೆ. ಬಾಗಿಲು ತೆರೆಯಿತು, ಸರಿಯಾಗಿ ತಟ್ಟೆ ಹಿಡಿಸುವಷ್ಟು! ಒಳಗಿನಿಂದ ಗಂಡನ ಕೈ ಬಂದು ತಟ್ಟೆ ಎಳೆದುಕೊಂಡಿತು, ಬಾಗಿಲು ಮುಚ್ಚಿತು. ನನಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅಲ್ಲೇ ಕುಕ್ಕರಿಸಿದೆ.

ಒಳಗಿನ ಸಂಸಾರ ಕಿಟಕಿಯ ಮೂಲಕ ನಡೆಯತೊಡಗಿತು. "ಲೇ, ಜೀರಿಗೆ ಎಲ್ಲಿದೆ?" "ಅಮ್ಮಾ, ನನ್ನ ಹಳದಿ ದುಪ್ಪಟ್ಟಾ?" "ಇವಳೇ, ಹಾಲು ಯಾಕೆ ಒಡೀತು?" ನಾನು ಕಿಟಕಿಯ ಸರಳಿಗೆ ಒರಗಿ, ಕಡಲೇಕಾಯಿ ಸುಲಿಯುತ್ತಾ, ಮಹಾರಾಣಿಯ ಹಾಗೆ ಉತ್ತರ ಕೊಡುತ್ತಿದ್ದೆ. ಈ ಮಧ್ಯೆ ಬಾಗಿಲು ಫೋಟೋದಲ್ಲಿದ್ದ ಮಾವನವರಿಗೆ ಮಾತ್ರ ಭಾರೀ ಮರ್ಯಾದೆ ತೋರಿಸುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಯಾರೂ ಇಲ್ಲದಿದ್ದರೂ ಹಾರುಹೊಡೆದು ತೆರೆದು, ಒಬ್ಬರು ನಿಧಾನವಾಗಿ ದಾಟುವಷ್ಟು ಹೊತ್ತು ಕಾದು ಮುಚ್ಚಿಕೊಳ್ಳುತ್ತಿತ್ತು. "ತೀರಿಕೊಂಡೋರು ಒಳಗೆ, ಬದುಕಿರೋಳು ಹೊರಗೆ," ಎಂದು ಅತ್ತೆ ಒಳಗಿನಿಂದಲೇ ಬಾಗಿಲಿಗೆ ಬೈದರು.

ಮೊದಲು ಹೊರಗೆ ಬಂದವರೂ ಅವರೇ. ಎಲೆಅಡಿಕೆಯ ತಟ್ಟೆ ಹಿಡಿದು ಬಂದು ನನ್ನ ಪಕ್ಕ ಹಳೆಯ ಬಾಗಿಲ ಮೇಲೆ ಕೂತರು. ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತಲೇ ಇದ್ದರು. ಆಮೇಲೆ, "ಆವತ್ತು ಹಾಲಪ್ಪ ಕೇಳಿದಾಗ ನಿನ್ನ ಹೆಸರು ನನ್ನ ನಾಲಿಗೆ ತುದೀಗೆ ಬರ್ಲಿಲ್ಲ ಕಣೇ. ಉಪ್ಪಿಟ್ಟು ಅಂತ ಬಂದ್ಬಿಡ್ತು," ಎಂದರು. ನಾನು ಅವರ ಕೈಯಿಂದ ಎಲೆ ತಗೊಂಡು ಬಾಯಿಗೆ ಹಾಕಿಕೊಂಡೆ. ಅವರು ಮತ್ತೆ ಒಳಗೆ ಹೋಗಲಿಲ್ಲ. ಮರುದಿನ ಮೇದಿನಿ ಪುಸ್ತಕ ಹೊತ್ತು ಬಂದಳು, ಅವಳ ಹಿಂದೆ ಸುಬ್ಬಿ. ಒಂಟಿಯಾಗಿ ಉಳಿದ ನನ್ನ ಗಂಡ ಒಂದು ರಾತ್ರಿ ಹೇಗೋ ಕಳೆದು, ಬೆಳಗಾಗುತ್ತಲೇ ದಿಂಬು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದರು. ಮನೆಯವರೆಲ್ಲ ಜಗಲಿಯಲ್ಲಿ, ಮನೆಯೊಳಗೆ ಬಾಗಿಲೊಂದೇ.

ಅಮಾವಾಸ್ಯೆ ನಾಳೆ ಎನ್ನುವ ದಿನ ಬಂತು. ಎಲ್ಲರೂ ನಗುತ್ತಿದ್ದೆವು, ಆದರೆ ನನಗೆ ಒಳಗೊಳಗೇ ಭಯ. ನಾಳೆ ದಾಟಿದರೆ ನನ್ನ ಅಡುಗೆಮನೆಗೆ ನಾನು ಕಾಲಿಡುವ ಹಾಗಿಲ್ಲ. ನಡುಮನೆಯಲ್ಲಿ ಕೂತು ಕಾಫಿ ಕುಡಿದು ಎದ್ದುಬರಬೇಕು. ಯಾರಿಗೂ ತೋರಗೊಡಬಾರದೆಂದು, ಮೇಷ್ಟರ ಹೆಂಡತಿ ಹದಿನೇಳರ ಮಗ್ಗಿಯಲ್ಲಿ ಎಡವುವ ರೀತಿಯನ್ನು ನಟಿಸಿ ತೋರಿಸಿದೆ. "ಹದಿನೇಳೇಳ್ಲಿ... ಹದಿನೇಳೇಳ್ಲಿ..." ಎನ್ನುತ್ತಾ ಮುಚ್ಚಿದ ಬಾಗಿಲ ಮುಂದೆ ಒಂಟಿಕಾಲಲ್ಲಿ ಕುಣಿದೆ. ಅಲ್ಲೇ ಕೂತಿದ್ದ ಮೇಷ್ಟರ ಹೆಂಡತಿಯೇ ಮೊದಲು ನಕ್ಕರು. ಕಮಲಾಕ್ಷಿ ಕಂಬ ಹಿಡಿದುಕೊಂಡಳು. ಅತ್ತೆಯ ಬಾಯಿಂದ ಅಡಿಕೆ ಹಾರಿತು. ಆಗ ಹಿಂದಿನಿಂದ ಟಕ್ ಎಂದಿತು. ಎಲ್ಲರೂ ತಿರುಗಿದೆವು. ಹಲಸಿನ ಬಾಗಿಲು ತಾನಾಗಿ ಕೀಲು ಕಳಚಿಕೊಂಡು, ಬುಡ ಎಳೆಯುತ್ತಾ, ತೊಪ್ಪ ತೊಪ್ಪ ಎಂದು ಹೊಸಿಲು ದಾಟಿ ಬಂದು ನಮ್ಮ ಗುಂಪಿನಲ್ಲಿ ಒಂದು ಕಡೆ ಒರಗಿಕೊಂಡಿತು. ಖಾಲಿ ಮನೆ ಕಾಯುವುದು ಅದಕ್ಕೂ ಬೇಸರವಾಗಿತ್ತೋ ಏನೋ. "ಯಾಕೆ ನಿಲ್ಲಿಸಿದ್ರಿ?" ಎನ್ನುವಂತೆ ತನ್ನ ಗಂಟಿನ ಕಣ್ಣಿನಿಂದ ನನ್ನನ್ನೇ ನೋಡಿತು.

"ಕುರ್ಚಿ, ಕುರ್ಚಿ!" ಎಂದು ಕಿರುಚುತ್ತಾ ಹಾಲಪ್ಪ ಎಲ್ಲಿಂದಲೋ ಓಡಿಬಂದ. ಬೀದಿಯೇ ನಡುಮನೆಯಾಯಿತು. ಬಾಗಿಲಿಗೊಂದು ಕುರ್ಚಿ, ನನಗೊಂದು ಕುರ್ಚಿ. "ಹಳೇ ಪರಿಚಯ ಈಗ ಲೆಕ್ಕಕ್ಕಿಲ್ಲ, ಮೊದಲಿಂದ ಎಲ್ಲರದೂ ಆಗ್ಬೇಕು," ಎಂದು ಹಾಲಪ್ಪ ಸಾರಿದ. ನಾನು ಅಭ್ಯಾಸಬಲದಿಂದ ಒಲೆಯ ಕಡೆ ಎದ್ದೆ. ನನ್ನ ಗಂಡ ಭುಜ ಒತ್ತಿ ಕೂರಿಸಿ, "ನೀನು ಕೂತ್ಕೋ. ಉಪ್ಪಿಟ್ಟು ನಾನು ಮಾಡ್ತೀನಿ," ಎಂದು ರವೆಯ ಡಬ್ಬ ಎತ್ತಿಕೊಂಡು ಜಗಲಿಯ ಕೊನೆಗೆ ಹೋದರು.

ಅತ್ತೆ ಸೆರಗು ಹೊದ್ದು ಎದ್ದು ನಿಂತರು. "ಇವಳು ಚಂಪಕಾ. ಈ ಮನೆ ಯಜಮಾನಿ," ಎಂದರು. ಸ್ವಲ್ಪ ಸುಧಾರಿಸಿಕೊಂಡು, "ನಾನು ಇವಳ ಅತ್ತೆ. ಇದು ಚಂಪಕಾನ ಮಗಳು ಮೇದಿನಿ. ಚಂಪಕಾನ ಕಾಲಲ್ಲೇ ಸುತ್ತುತ್ತಲ್ಲ, ಅದು ಸುಬ್ಬಿ. ಫೋಟೋದಲ್ಲಿರೋರು ಚಂಪಕಾನ ಮಾವ," ಎಂದರು. ನನ್ನ ಕಣ್ಣು ತುಂಬಿಕೊಂಡು ಬಾಗಿಲು ಎರಡೆರಡಾಗಿ ಕಾಣತೊಡಗಿತು. ಅಷ್ಟು ಹೊತ್ತಿಗೆ ನನ್ನ ಗಂಡ ಬೆವರು ಒರೆಸಿಕೊಳ್ಳುತ್ತಾ ತಟ್ಟೆ ಹಿಡಿದು ಬಂದರು.

"ಇವರು?" ಎಂದ ಹಾಲಪ್ಪ.

ಅತ್ತೆ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ.

"ಉಪ್ಪಿಟ್ಟು ತಗೊಳ್ಳಿ, ಬಿಸಿಯಾಗಿದೆ," ಎಂದರು ಅತ್ತೆ.

ಬಾಗಿಲು ಕಿರ್ರ್ ಎಂದು ಒಪ್ಪಿತು. ಹಾಲಪ್ಪ ನನ್ನ ಕಡೆ ತಿರುಗಿ, "ಅದಕ್ಕೆ ನೀವು ಒಪ್ಪಿಗೆ. ನಿಮಗೆ?" ಎಂದ. ನಾನು ಬೇಗ ಹೂಂ ಅನ್ನಲಿಲ್ಲ. ಯಾವತ್ತೂ ಯಾರೂ ಕೇಳದ ಪ್ರಶ್ನೆ ಅದು. ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದು, "ಮನೆಗೆ ಹೋಗಿ ತಿಳಿಸ್ತೀನಿ," ಎಂದೆ. ಬಾಗಿಲಿಲ್ಲದ ಹೊಸಿಲು ದಾಟಿ ಒಳಗೆ ಹೋದೆ.

ಒಳಗೆ ಯಾರೂ ಇಲ್ಲ. ಅಷ್ಟು ನಿಶ್ಶಬ್ದವಾಗಿ ನನ್ನ ಮನೆಯನ್ನು ನಾನು ನೋಡಿಯೇ ಇರಲಿಲ್ಲ. ಮಡಕೆಯ ನೀರು ಬಗ್ಗಿಸಿಕೊಂಡು ಕುಡಿದೆ. ಜೀರಿಗೆ ಡಬ್ಬ ಸಕ್ಕರೆಯ ಜಾಗದಲ್ಲಿತ್ತು, ಸರಿಯಾಗಿಟ್ಟೆ. ನಡುಮನೆಗೆ ಬಂದು ಮಾವನವರ ಆರಾಮಕುರ್ಚಿಯಲ್ಲಿ ಮೊದಲ ಸಲ ಕೂತೆ, ಕಾಲೂ ಚಾಚಿದೆ. ಹೊರಗೆ ಬಿಸಿಲಲ್ಲಿ ಇಡೀ ಬೀದಿ ನನ್ನ ಉತ್ತರಕ್ಕಾಗಿ ಕಾಯುತ್ತಿತ್ತು. ಕಾಯಲಿ ಎಂದು ಇನ್ನೂ ಸ್ವಲ್ಪ ಹೊತ್ತು ಕೂತೆ. ಆಮೇಲೆ ಹೊಸಿಲಿಗೆ ಬಂದು, "ಒಂದೇ ಮಾತು. ಎರಡೂ ಕೈ ತುಂಬಿರೋವಾಗ ಮೊಣಕೈ ತಾಗ್ಸಿದ್ರೆ ಸಾಕು, ತೆಗೀಬೇಕು. ಆಗುತ್ತಾ?" ಎಂದು ಬಾಗಿಲನ್ನೇ ಕೇಳಿದೆ. ಅದು ಯೋಚಿಸದೆ ಕಿರ್ರ್ ಎಂದಿತು.

ಬಾಗಿಲು ಕೂರಿಸಿದ್ದಾಯಿತು. ಅತ್ತೆ, ಮೇದಿನಿ, ಸುಬ್ಬಿ ಒಳಗೆ ಬಂದರು. ನನ್ನ ಗಂಡ ಬಾಣಲೆ ತೊಳೆದು, ಉಳಿದ ಉಪ್ಪಿಟ್ಟಿನ ತಟ್ಟೆ ಹಿಡಿದು, ಮುಖದ ತುಂಬ ನಗು ತುಂಬಿಕೊಂಡು ಕೊನೆಯಲ್ಲಿ ಬಂದರು. ಬಾಗಿಲು ಅವರ ಮೂಗಿನ ಮುಂದೆ ಮೆತ್ತಗೆ, ಬಹಳ ಮರ್ಯಾದೆಯಿಂದ ಮುಚ್ಚಿಕೊಂಡಿತು. ಹೊರಗೆ ಹಾಲಪ್ಪ ತಲೆ ಚಚ್ಚಿಕೊಳ್ಳುವುದು ಕೇಳಿಸಿತು. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದರು.

"ಲೇ, ಇವಳೇ!" ಎಂದರು ನನ್ನ ಗಂಡ ಹೊರಗಿನಿಂದ. ನಾನು ಮಾತಾಡಲಿಲ್ಲ. ಬಾಗಿಲೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆತ್ತಗೆ, "ಚಂಪಕಾ," ಎಂದರು.

"ಯಾರು?"

"ನಾನು. ಪದ್ಮನಾಭ." ಒಂದು ಗಳಿಗೆ ಬಿಟ್ಟು, "ಚಂಪಕಾನ ಗಂಡ," ಎಂದರು.

ಬಾಗಿಲು ತಟ್ಟೆ ಹಿಡಿಸುವಷ್ಟು ತೆರೆಯಿತು. ತಟ್ಟೆ ತೆಗೆದುಕೊಂಡು ಒಂದು ತುತ್ತು ಬಾಯಿಗಿಟ್ಟೆ. ತಳ ಹಿಡಿದಿತ್ತು, ಉಪ್ಪು ಕಡಮೆ. ಆದರೂ ತಟ್ಟೆಯಲ್ಲಿ ಒಂದು ಕಾಳೂ ಬಿಡದೆ ತಿಂದೆ. ಆಮೇಲೆ ಕಾಫಿ ಮಾಡಿ, ಎರಡೂ ಕೈಯಲ್ಲಿ ಎರಡು ಲೋಟ ಹಿಡಿದು ಬಂದು ಬಾಗಿಲಿಗೆ ಮೊಣಕೈ ತಾಗಿಸಿದೆ. ಹಾರುಹೊಡೆದು ತೆರೆದುಕೊಂಡಿತು. ಅವರು ಜಗಲಿಯಲ್ಲಿ, ಗೊರಕೆ ಹೊಡೆಯುತ್ತಿದ್ದ ಹಳೆಯ ಬಾಗಿಲ ಮೇಲೆ ದಿಂಬು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಂದು ಲೋಟ ಕೊಟ್ಟು ಪಕ್ಕದಲ್ಲಿ ಕೂತೆ.

"ಅಮಾವಾಸ್ಯೆ ನಾಳೆ ಕಣೇ ಚಂಪಕಾ," ಎಂದರು.

"ನಾಳೆ ಬೆಳಿಗ್ಗೆ ಮತ್ತೆ ನಾವೆಲ್ಲ ಇಲ್ಲಿ ಕೂತು ಜೋರಾಗಿ ನಕ್ರೆ ಅದು ಇಳಿದು ಬರುತ್ತೆ ಬಿಡಿ. ನಾನೇ ಪರಿಚಯ ಮಾಡಿಸ್ತೀನಿ," ಎಂದೆ.

"ಏನಂತ ಮಾಡಿಸ್ತೀಯ?"

ಅದನ್ನೇ ಯೋಚಿಸುತ್ತಾ ಕಾಫಿ ಕುಡಿದೆ. ಅವರು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು, ಅವರ ಕಾಫಿ ಆರಿಹೋಗುತ್ತಿತ್ತು.